ಸ್ಕೋರ್ 71 ಆಯ್ತು, ಪುಟ ಮಾತ್ರ ಹಾಗೇ ನಿಧಾನ. ಎಲ್ಲಿ ಹುಡುಕಲಿ?

ಗಿಡಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಓದಿದವನಲ್ಲ. ಸಸ್ಯಶಾಸ್ತ್ರದ ಮೇಷ್ಟ್ರು, ಈಗ ನಿವೃತ್ತ. ಗಿಡಮರ ಗುರುತಿಸುವುದಕ್ಕೆ ನೆರವಾಗುವ ಒಂದು ವೆಬ್‌ಸೈಟನ್ನು ಹನ್ನೊಂದು ವರ್ಷದಿಂದ ನಡೆಸುತ್ತಿದ್ದೇನೆ. ವರ್ಡ್‌ಪ್ರೆಸ್‌ನಲ್ಲಿದೆ. ಸುಮಾರು 640 ಪುಟ, ಪ್ರತಿ ಪುಟದಲ್ಲೂ ಎಲೆ, ತೊಗಟೆ, ಹೂವು, ಕಾಯಿ ಅಂತ ಎಂಟು ಹತ್ತು ಫೋಟೋ. ಕೆಲವು ಮರಗಳ ಪಕ್ಕ ಸಣ್ಣ ಫಲಕ ನೆಟ್ಟು ಕ್ಯೂಆರ್ ಕೋಡ್ ಹಾಕಿದ್ದೇವೆ. ಸ್ಕ್ಯಾನ್ ಮಾಡಿದರೆ ಆ ಮರದ ಪುಟ ತೆರೆಯಬೇಕು.

ತೆರೆಯಬೇಕು, ನಿಜ. ಈಚೆಗೆ ನನ್ನ ಹಳೆಯ ಶಿಷ್ಯೆಯೊಬ್ಬಳು ಮಕ್ಕಳ ಗುಂಪು ಕರೆದುಕೊಂಡು ಹೋಗಿದ್ದಳು. ಬಂದು ಹೇಳಿದಳು: "ಸರ್, ಸ್ಕ್ಯಾನ್ ಮಾಡಿ ಬಿಳಿ ಪರದೆ ನೋಡ್ತಾ ನಿಂತ್ವಿ. ಪುಟ ಬರೋ ಹೊತ್ತಿಗೆ ಮಕ್ಕಳು ಮುಂದಿನ ಮರದ ಹತ್ರ ಹೋಗಿದ್ರು." ನನ್ನ ಲ್ಯಾಪ್‌ಟಾಪ್‌ನಲ್ಲಿ ನೋಡಿದೆ, ಒತ್ತಿದ ಕೂಡಲೇ ತೆರೆಯಿತು. ಅವಳ ಮೊಬೈಲ್ ಸಿಗ್ನಲ್ಲೇ ಸರಿಯಿಲ್ಲ ಅಂದುಕೊಂಡು ಸುಮ್ಮನಾದೆ. ಆಮೇಲೆ ಇನ್ನಿಬ್ಬರು ಅದೇ ಮಾತು ಹೇಳಿದರು.

ಸರಿ ಅಂತ, ಪುಟದ ವೇಗ ಅಳೆದು ನೂರಕ್ಕೆ ಅಂಕ ಕೊಡುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ಗೆ ವಿಳಾಸ ಕೊಟ್ಟೆ. ಮೊಬೈಲ್ ಸ್ಕೋರ್ 38. ಏನನ್ನೂ ಮುಟ್ಟದೆ ಹತ್ತು ನಿಮಿಷ ಬಿಟ್ಟು ನೋಡಿದರೆ 52. ಮೂರನೇ ಸಲ 44. ಒಂದೇ ಉತ್ತರಪತ್ರಿಕೆಗೆ ನಾನು ಹೀಗೆ ಮೂರು ಥರ ಅಂಕ ಕೊಟ್ಟಿದ್ದರೆ ಪೋಷಕರು ನನ್ನನ್ನು ಬಿಡುತ್ತಿದ್ದರೇ?

ಅಲ್ಲಿ ಇಲ್ಲಿ ಓದಿ ಮೂರು ಪ್ಲಗಿನ್ ಹಾಕಿದೆ. ಒಂದು ಕ್ಯಾಶ್ ಮಾಡುವುದಕ್ಕೆ (ಒಮ್ಮೆ ತಯಾರಾದ ಪುಟವನ್ನು ಇಟ್ಟುಕೊಂಡು ಮತ್ತೆ ಕೊಡುವುದು), ಒಂದು ಫೋಟೋಗಳಿಗೆ, ಇನ್ನೊಂದು "ಎಲ್ಲವನ್ನೂ ವೇಗ ಮಾಡುವ" ಪ್ಲಗಿನ್. ಸ್ಕೋರ್ 71ಕ್ಕೆ ಏರಿತು. ಖುಷಿಯಲ್ಲಿ ಶಿಷ್ಯೆಗೆ ಫೋನ್ ಮಾಡಿದೆ. ಅವಳು ಹೋಗಿ ನೋಡಿ ಬಂದು ಹೇಳಿದ್ದು: "ವ್ಯತ್ಯಾಸ ಏನೂ ಇಲ್ಲ ಸರ್. ಈಗ ಮೇಲಿನ ಫೋಟೋನೇ ಎಲ್ಲಕ್ಕಿಂತ ಕೊನೆಗೆ ಬರ್ತಿದೆ. ಮೆನು ಒತ್ತಿದ್ರೆ ಮೊದಲನೇ ಸಲ ಅಲ್ಲಾಡೋದೂ ಇಲ್ಲ."

ಆ ವರದಿಯ ಮೇಲ್ಭಾಗದಲ್ಲಿ ಬೇರೊಂದು ಪಟ್ಟಿಯೂ ಇದೆ. ಅಲ್ಲಿ ಎಲ್‌ಸಿಪಿ 5.8 ಸೆಕೆಂಡ್ ಅಂತ ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಸ್ಕೋರ್ 38 ಇದ್ದಾಗಲೂ ಅಷ್ಟೇ, 71 ಆದಮೇಲೂ ಅಷ್ಟೇ. ಯಾವುದನ್ನು ನಂಬಲಿ? ಹೋಸ್ಟಿಂಗ್‌ನವರನ್ನು ಕೇಳಿದರೆ "ಮೇಲಿನ ಪ್ಲಾನ್ ತಗೊಳ್ಳಿ" ಎನ್ನುತ್ತಾರೆ. ತಗೊಳ್ಳುವ ಮೊದಲು ತಿಳಿದವರನ್ನು ಕೇಳೋಣ ಅನ್ನಿಸಿತು.


ಥಟ್_ಅಂತ:

ಸರ್, ಸಿಡಿಎನ್ ಹಾಕಿ (ಸೈಟ್‌ನ ಪ್ರತಿಯನ್ನ ಓದುಗರ ಹತ್ತಿರದ ಸರ್ವರ್‌ಗಳಲ್ಲಿ ಇಡೋ ಸೇವೆ), ಎಲ್ಲಾ ಫೋಟೋ ವೆಬ್‌ಪಿ ಅನ್ನೋ ಚಿಕ್ಕ ಗಾತ್ರದ ಮಾದರಿಗೆ ಬದಲಿಸಿ, ಮುಗೀತು. ನನ್ನ ಸೈಟ್‌ಗೆ 100ಕ್ಕೆ 100 ಇದೆ. ಒಂದು ಸಂಜೆಯ ಕೆಲಸ.


ಹಳೇಕರ್ಲ್:

ಥಟ್ ಅಂತ ಅವರೇ, ನಿಮ್ಮದು ಒಂದೇ ಪುಟದ ಸೈಟ್ ಅಂತ ನೀವೇ ಹೋದ ತಿಂಗಳು ಬರೆದಿದ್ರಿ. ಇರಲಿ.

ಮೇಷ್ಟ್ರೇ, ಹೋಸ್ಟಿಂಗ್ ಪ್ಲಾನ್ ಸದ್ಯಕ್ಕೆ ಬದಲಾಯಿಸಬೇಡಿ. ಮೊದಲು ಆ ಮೂರನೇ ಪ್ಲಗಿನ್, ಎಲ್ಲವನ್ನೂ ವೇಗ ಮಾಡೋದು, ಅದನ್ನ ಆಫ್ ಮಾಡಿ. ಫೋಟೋ ಪ್ಲಗಿನ್‌ನೂ ಆಫ್ ಮಾಡಿ. ಕ್ಯಾಶ್ ಪ್ಲಗಿನ್ ಒಂದು ಇರಲಿ. ಸ್ಕೋರ್ ಬೀಳುತ್ತೆ, ಬೀಳಲಿ. ಏನು ಕೆಟ್ಟಿದೆ ಅಂತ ಕಾಣಬೇಕಾದ್ರೆ ಮೇಲೆ ಹೊದಿಸಿರೋದನ್ನ ತೆಗೀಲೇಬೇಕು.

ನಿಮ್ಮ ಲ್ಯಾಪ್‌ಟಾಪ್ ಯಾಕೆ ವೇಗ? ಅದು ನಿಮ್ಮ ಸೈಟನ್ನ ಹನ್ನೊಂದು ವರ್ಷದಿಂದ ನೋಡ್ತಾ ಇದೆ. ಲೋಗೋ, ಸ್ಟೈಲ್, ಫಾಂಟ್, ಅರ್ಧಕ್ಕರ್ಧ ಫೋಟೋ ಎಲ್ಲಾ ಆಗಲೇ ಅದರ ಡಿಸ್ಕ್‌ನಲ್ಲಿದೆ. ಫಲಕದ ಮುಂದೆ ನಿಂತ ಹುಡುಗನ ಫೋನ್‌ನಲ್ಲಿ ಏನೂ ಇಲ್ಲ. ಅವನ ಥರ ನೋಡಬೇಕು ಅಂದ್ರೆ ಕ್ರೋಮ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆಗೆದು, ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕ್ಯಾಶ್ ಬೇಡ ಅನ್ನೋ ಚೌಕಕ್ಕೆ ಟಿಕ್ ಹಾಕಿ, ಪಕ್ಕದಲ್ಲೇ ಇರೋ ಥ್ರಾಟ್ಲಿಂಗ್‌ನಲ್ಲಿ ನಿಧಾನದ 4ಜಿ ಆರಿಸಿ. ಇನ್‌ಕಾಗ್ನಿಟೊ ಯಾಕೆ ಅಂದ್ರೆ ಬ್ರೌಸರ್ ಎಕ್ಸ್‌ಟೆನ್ಷನ್‌ಗಳೂ ಅಳತೆ ಕೆಡಿಸುತ್ವೆ. ಇನ್ನೊಂದು ಕಾರಣ, ನೀವು ಅಡ್ಮಿನ್ ಆಗಿ ಲಾಗಿನ್ ಆಗಿರ್ತೀರಿ, ಆಗ ಬರೋ ಪುಟವೇ ಬೇರೆ. ಒಮ್ಮೆ ಹೀಗೆ ನೋಡಿ. ಶಿಷ್ಯೆ ಹೇಳಿದ್ದು ಆಗ ಗೊತ್ತಾಗುತ್ತೆ.

ಇನ್ನು ಯಾವುದನ್ನ ನಂಬೋದು. ಮೇಲಿನ ಪಟ್ಟಿ ನಿಜವಾದ ಜನರದ್ದು. ಕ್ರೋಮ್‌ನಲ್ಲಿ ನಿಮ್ಮ ಸೈಟ್ ತೆಗೆದವರಿಗೆ ಕಳೆದ 28 ದಿನ ಏನಾಯ್ತು ಅನ್ನೋದರ ಲೆಕ್ಕ. ಎಲ್ಲರ ಸರಾಸರಿ ಅಲ್ಲ, 75ನೇ ಶೇಕಡಾಂಕ. ಅಂದ್ರೆ ನಾಲ್ಕು ಭೇಟಿಯಲ್ಲಿ ಮೂರು 5.8 ಸೆಕೆಂಡ್ ಒಳಗೆ ಮುಗಿದಿವೆ, ಒಂದು ಅದಕ್ಕಿಂತ ಹೆಚ್ಚು ಕಾದಿದೆ. ಎಲ್‌ಸಿಪಿ ಅಂದ್ರೆ ಮೊದಲ ಪರದೆಯಲ್ಲಿರೋ ಅತಿ ದೊಡ್ಡ ಚಿತ್ರವೋ ಬರಹದ ತುಂಡೋ ಕಣ್ಣಿಗೆ ಬೀಳೋಕೆ ಹಿಡಿದ ಹೊತ್ತು. 2.5 ಸೆಕೆಂಡ್ ಒಳಗಿದ್ರೆ ಹಸಿರು, 4 ದಾಟಿದ್ರೆ ಕೆಂಪು. ನಿನ್ನೆ ಮಾಡಿದ ಬದಲಾವಣೆ ಇವತ್ತು ಅಲ್ಲಿ ಕಾಣಲ್ಲ, ಹಳೇ ದಿನಗಳು ಒಂದೊಂದಾಗಿ ಉದುರಬೇಕು.

ಕೆಳಗಿನ ಸ್ಕೋರ್ ಲೈಟ್‌ಹೌಸ್ ಅನ್ನೋ ಪ್ರಯೋಗಶಾಲೆಯದ್ದು. ಅದು ಒಂದು ಸಾಧಾರಣ ಫೋನ್ ಇದೆ ಅಂತ ನಟಿಸುತ್ತೆ. ಸೆಕೆಂಡಿಗೆ 1.6 ಮೆಗಾಬಿಟ್ ವೇಗ, ಸರ್ವರ್‌ಗೆ ಹೋಗಿ ಬರೋಕೆ 150 ಮಿಲಿಸೆಕೆಂಡ್, ಪ್ರೊಸೆಸರ್ ನಾಲ್ಕು ಪಟ್ಟು ನಿಧಾನ. ಅಂಕ ಹಂಚೋದು ಹೀಗೆ: ಟಿಬಿಟಿಗೆ 30, ಎಲ್‌ಸಿಪಿಗೆ 25, ಪುಟ ಅಲುಗಾಡೋದಕ್ಕೆ, ಅಂದ್ರೆ ಸಿಎಲ್‌ಎಸ್‌ಗೆ, 25, ಉಳಿದ ಎರಡು ಸಣ್ಣ ಅಳತೆಗಳಿಗೆ ಹತ್ತು ಹತ್ತು. ಇದರಲ್ಲಿ ಟಿಬಿಟಿ ಮಹಾ ಚಂಚಲ. ಜಾವಾಸ್ಕ್ರಿಪ್ಟ್ ಎಷ್ಟು ಹೊತ್ತು ಬ್ರೌಸರ್‌ನ ಕೈ ಕಟ್ಟಿಹಾಕಿತ್ತು ಅನ್ನೋ ಲೆಕ್ಕ ಅದು. ಪರೀಕ್ಷೆ ಮಾಡೋ ಯಂತ್ರ ಆ ಕ್ಷಣ ಎಷ್ಟು ಬಿಜಿ ಇತ್ತು ಅನ್ನೋದೂ ಅದರಲ್ಲಿ ಸೇರಿಹೋಗುತ್ತೆ. ನಿಮ್ಮ ಸರ್ವರ್ ಕೂಡ ಪ್ರತಿ ಸಲ ಒಂದೇ ವೇಗದಲ್ಲಿ ಉತ್ತರ ಕೊಡಲ್ಲ. ಅದಕ್ಕೇ 38, 52, 44. ಐದು ಸಲ ಓಡಿಸಿ, ಏರಿಕೆ ಕ್ರಮದಲ್ಲಿ ಬರೆದು, ನಡುವಿನದ್ದನ್ನ ಇಟ್ಕೊಳ್ಳಿ. ಒಂದೇ ಓಟದ ಅಂಕಕ್ಕೆ ಖುಷಿಯೂ ಬೇಡ, ದುಃಖವೂ ಬೇಡ.

71 ಹೇಗೆ ಬಂತು ಅಂತ ಊಹೆ ಮಾಡ್ತೀನಿ, ತಪ್ಪಿದ್ರೆ ಹೇಳಿ. ಆ ಮೂರನೇ ಪ್ಲಗಿನ್‌ನಲ್ಲಿ "ಬಳಕೆದಾರ ಮುಟ್ಟುವವರೆಗೆ ಸ್ಕ್ರಿಪ್ಟ್ ತಡೆ" ಅನ್ನೋ ಥರದ ಆಯ್ಕೆ ಆನ್ ಆಗಿದೆ. ಪ್ರಯೋಗಶಾಲೆಯಲ್ಲಿ ಪರದೆ ಮುಟ್ಟೋರು ಯಾರೂ ಇಲ್ಲ. ಹಾಗಾಗಿ ಸ್ಕ್ರಿಪ್ಟ್ ಓಡೋದೇ ಇಲ್ಲ, ಟಿಬಿಟಿ ಸೊನ್ನೆಗೆ ಹತ್ತಿರ, 30 ಅಂಕ ಪುಕ್ಕಟೆ. ನಿಜವಾದ ಮನುಷ್ಯ ಮೆನು ಒತ್ತಿದಾಗ ತಡೆದಿಟ್ಟ ಅಷ್ಟೂ ಸ್ಕ್ರಿಪ್ಟ್ ಒಟ್ಟಿಗೆ ಮೈಮೇಲೆ ಬೀಳುತ್ವೆ. "ಮೊದಲನೇ ಸಲ ಅಲ್ಲಾಡೋದೂ ಇಲ್ಲ" ಅಂತ ಶಿಷ್ಯೆ ಹೇಳಿದ್ದು ಇದನ್ನೇ. ಇದನ್ನ ಹಿಡಿಯೋ ಅಳತೆ ಐಎನ್‌ಪಿ. 2024ರ ಮಾರ್ಚ್‌ನಲ್ಲಿ ಹಳೇ ಎಫ್‌ಐಡಿ ತೆಗೆದು ಇದನ್ನ ತಂದ್ರು. 200 ಮಿಲಿಸೆಕೆಂಡ್ ಒಳಗಿದ್ರೆ ಚೆನ್ನ, 500 ದಾಟಿದ್ರೆ ಕೆಂಪು. ಅದು ಮೇಲಿನ ಪಟ್ಟಿಯಲ್ಲಿ ಮಾತ್ರ ಸಿಗುತ್ತೆ, ಯಾಕಂದ್ರೆ ಅಳೆಯೋಕೆ ಒತ್ತೋ ಬೆರಳು ಬೇಕು.

ಈಗ ಹುಡುಕೋದು. ಕಾಯೋ ಹೊತ್ತನ್ನ ತುಂಡು ಮಾಡಿ. ಮೊದಲ ಬೈಟ್ ಬರೋವರೆಗೆ ಎಷ್ಟು, ಅಲ್ಲಿಂದ ದೊಡ್ಡ ಫೋಟೋ ಕಾಣೋವರೆಗೆ ಎಷ್ಟು, ಆಮೇಲೆ ಒತ್ತಿದ್ದಕ್ಕೆ ಸ್ಪಂದಿಸೋಕೆ ಎಷ್ಟು. ಯಾವ ತುಂಡು ಉದ್ದ ಇದೆಯೋ ಅಲ್ಲಿಗೆ ಕೈ ಹಾಕಿ. ಮೊದಲನೇ ತುಂಡಿಗೆ ನನಗೆ ಕಮಾಂಡ್ ಲೈನ್‌ನಲ್ಲಿ ಪುಟ ತರಿಸೋ ಕರ್ಲ್‌ಗಿಂತ ಪ್ರಿಯವಾದ ಉಪಕರಣ ಇಲ್ಲ, ನನ್ನ ಹೆಸರೇ ಹೇಳುತ್ತೆ. ಅದರ ರೈಟ್ ಔಟ್ ಆಯ್ಕೆ ಕೊಟ್ರೆ ಡಿಎನ್‌ಎಸ್ (ಸೈಟ್ ಹೆಸರಿಂದ ಸರ್ವರ್ ಎಲ್ಲಿದೆ ಅಂತ ಹುಡುಕೋದು), ಕನೆಕ್ಟ್, ಟಿಎಲ್‌ಎಸ್ (ಸುರಕ್ಷಿತ ಸಂಪರ್ಕಕ್ಕೆ ಕೈಕುಲುಕೋದು), ಮೊದಲ ಬೈಟ್, ಒಟ್ಟು ಅಂತ ಐದು ಸಮಯ ಬರೆದುಕೊಡುತ್ತೆ. ಪುಟದ ಜೊತೆ ಸರ್ವರ್ ಕಳಿಸೋ ಟಿಪ್ಪಣಿಗಳನ್ನೂ, ಅಂದ್ರೆ ಹೆಡರ್‌ಗಳನ್ನೂ, ತೋರಿಸೋಕೆ ಹೇಳಿ. ಎರಡನೇ ತುಂಡಿಗೆ ವೆಬ್‌ಪೇಜ್‌ಟೆಸ್ಟ್‌ನಲ್ಲಿ ಮೊಬೈಲ್ ಆರಿಸಿ ಓಡಿಸಿ, ವಾಟರ್‌ಫಾಲ್ ಚಿತ್ರದಲ್ಲಿ ಮೇಲಿನ ಫೋಟೋ ಎಷ್ಟನೇ ಸೆಕೆಂಡಿಗೆ ಇಳಿಯೋಕೆ ಶುರುವಾಯ್ತು, ಎಷ್ಟು ದೊಡ್ಡದು ಅಂತ ನೋಡಿ ಇಲ್ಲಿ ಹಾಕಿ.

ಹಾ, ಫಲಕದ ಕ್ಯೂಆರ್ ಕೋಡ್‌ನಲ್ಲಿರೋ ವಿಳಾಸವನ್ನೇ ಅಕ್ಷರ ಬಿಡದೆ ಕೊಟ್ಟು ಇನ್ನೊಂದು ಸಲ ಅಳೆಯಿರಿ. ನನಗೊಂದು ಅನುಮಾನ ಇದೆ.


ಗಿಡಮೇಷ್ಟ್ರು:

ಎರಡು ದಿನ ಹಿಡಿಯಿತು, ಆದರೂ ಮಾಡಿದೆ. ಮೂರನೇ ಪ್ಲಗಿನ್ ಬಗ್ಗೆ ನಿಮ್ಮ ಊಹೆ ಸರಿ, ಆ ಆಯ್ಕೆ ಆನ್ ಇತ್ತು. ತೆಗೆದೆ. ಸ್ಕೋರ್ 41ಕ್ಕೆ ಇಳಿಯಿತು. ಮೆನು ಮೊದಲ ಸಲಕ್ಕೇ ತೆರೆಯುತ್ತಿದೆ ಅಂತ ಶಿಷ್ಯೆ ಹೇಳಿದಳು.

ಕರ್ಲ್ ಕೊಟ್ಟ ಸಂಖ್ಯೆಗಳು, ಸೆಕೆಂಡ್‌ಗಳಲ್ಲಿ: ಡಿಎನ್‌ಎಸ್ 0.04, ಕನೆಕ್ಟ್ 0.27, ಟಿಎಲ್‌ಎಸ್ 0.74, ಮೊದಲ ಬೈಟ್ 2.90, ಒಟ್ಟು 3.12. ಐದು ಸಲ ಓಡಿಸಿ ನಡುವಿನದ್ದು ಬರೆದಿದ್ದೇನೆ.

ಕ್ಯೂಆರ್ ಕೋಡ್‌ನ ವಿಳಾಸಕ್ಕೆ ಮೊದಲ ಬೈಟ್ 5.1! ನಡುವೆ ಎರಡು ರೀಡೈರೆಕ್ಟ್, ಅಂದರೆ ಬೇರೆ ವಿಳಾಸಕ್ಕೆ ಕಳಿಸುವುದು, ತೋರಿಸುತ್ತಿದೆ. ಫಲಕ ಮಾಡಿಸಿದಾಗ ಸೈಟಿಗೆ ಎಚ್‌ಟಿಟಿಪಿಎಸ್ ಇರಲಿಲ್ಲ, ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಕೂಡ ಹಾಕಿರಲಿಲ್ಲ. ಫಲಕಗಳು ಅರವತ್ತಕ್ಕೂ ಹೆಚ್ಚಿವೆ, ಎಲ್ಲವನ್ನೂ ಕಿತ್ತು ಬೇರೆ ಮಾಡಿಸುವುದು ಆಗದ ಮಾತು.

ವಾಟರ್‌ಫಾಲ್ ಪ್ರಕಾರ ಒಂದು ಪುಟಕ್ಕೆ 86 ಕೋರಿಕೆ, ಒಟ್ಟು 9.4 ಎಂಬಿ. ಮೇಲಿನ ಫೋಟೋ 3.1 ಎಂಬಿ, 4000 ಗುಣಿಸು 3000 ಪಿಕ್ಸೆಲ್. ಅದು ಇಳಿಯಲು ಶುರುವಾಗುವುದೇ 6.2ನೇ ಸೆಕೆಂಡಿಗೆ. ಎಲೆಯ ನರ ಕಾಣಲಿ ಅಂತ ಕ್ಯಾಮೆರಾದಿಂದ ಬಂದ ಫೋಟೋವನ್ನು ಹಾಗೇ ಏರಿಸುತ್ತಾ ಬಂದಿದ್ದೆ. ತಪ್ಪು ನನ್ನದೇ.

ಹೆಡರ್‌ನಲ್ಲಿ ಒಂದು ವಿಚಿತ್ರ ಕಂಡೆ. "ಎಕ್ಸ್‌ಪೈರ್ಸ್" ಎಂಬಲ್ಲಿ 1981ನೇ ಇಸವಿಯ ನವೆಂಬರ್ 19 ಅಂತ ಇದೆ. ಆಗ ವೆಬ್ ಎಂಬುದೇ ಇರಲಿಲ್ಲವಲ್ಲ! ಸರ್ವರ್‌ನ ಗಡಿಯಾರ ಕೆಟ್ಟಿದೆಯೇ?


ಹಳೇಕರ್ಲ್:

ಮೇಷ್ಟ್ರೇ, ಆ 1981 ನೋಡಿ ನನಗೆ ಹಳೇ ಗೆಳೆಯ ಸಿಕ್ಕಷ್ಟು ಸಂತೋಷ ಆಯ್ತು. ಗಡಿಯಾರ ಸರಿಯಾಗೇ ಇದೆ. ವರ್ಡ್‌ಪ್ರೆಸ್ ಬರೆದಿರೋ ಪಿಎಚ್‌ಪಿ ಭಾಷೆಯಲ್ಲಿ ಸೆಷನ್, ಅಂದ್ರೆ ಬಂದವರನ್ನ ಒಬ್ಬೊಬ್ಬರಾಗಿ ನೆನಪಿಟ್ಕೊಳ್ಳೋದು, ಶುರು ಮಾಡಿದ್ರೆ ಅದು ತಾನಾಗಿ ಹಾಕೋ ತಾರೀಕು ಅದು. "ಈ ಪುಟದ ಅವಧಿ ಯಾವತ್ತೋ ಮುಗಿದಿದೆ, ಯಾರೂ ಇಟ್ಕೊಬೇಡಿ" ಅಂತ ಅರ್ಥ. ಪಕ್ಕದಲ್ಲೇ ಕ್ಯಾಶ್ ಕಂಟ್ರೋಲ್ ಸಾಲಿನಲ್ಲಿ ನೋ ಸ್ಟೋರ್ ಅಂತಾನೂ ಇರಬೇಕು, ನೋಡಿ. ಅಂದ್ರೆ ನಿಮ್ಮ ಸೈಟ್‌ನಲ್ಲಿ ಯಾವುದೋ ಪ್ಲಗಿನ್ ಬಂದವರಿಗೆಲ್ಲ ಸೆಷನ್ ತೆರೀತಾ ಇದೆ. ಭೇಟಿ ಎಣಿಸೋ ಕೌಂಟರ್ ಏನಾದ್ರೂ ಹಾಕಿದ್ದೀರಾ? ಸೆಷನ್ ಕುಕಿ ಕಂಡ ಕೂಡಲೇ ಕ್ಯಾಶ್ ಹಿಂದೆ ಸರಿಯುತ್ತೆ, ಇದು ಒಬ್ಬರಿಗೆ ಸೇರಿದ ಪುಟ ಇರಬೇಕು ಅಂತ. ಹಾಗಾಗಿ ಕ್ಯಾಶ್ ಪ್ಲಗಿನ್ ಇಷ್ಟು ದಿನ ಸಂಬಳ ಇಲ್ಲದೆ, ಕೆಲಸವೂ ಇಲ್ಲದೆ ಕೂತಿತ್ತು.

ಈಗ ನಿಮ್ಮ ಐದು ಸಂಖ್ಯೆ ಓದೋಣ, ಇದು ನನಗೆ ಪದಬಂಧಕ್ಕಿಂತ ಇಷ್ಟ. ಡಿಎನ್‌ಎಸ್ ಆದಮೇಲೆ ಕನೆಕ್ಟ್ ಆಗೋಕೆ 0.23. ಅದು ಸರ್ವರ್‌ಗೆ ಒಂದು ಸಲ ಹೋಗಿ ಬರೋ ಹೊತ್ತು, ಒಂದು ಸುತ್ತು. ಅಂದ್ರೆ ಸರ್ವರ್ ತುಂಬಾ ದೂರ, ಬೇರೆ ಖಂಡದಲ್ಲೇ ಇರಬೇಕು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ಹತ್ತು ಸಾವಿರ ಕಿಲೋಮೀಟರ್ ಆಚೆ ಹೋಗಿ ಬರೋಕೆ ನೇರ ದಾರಿ ಇದ್ರೂ 0.1 ಸೆಕೆಂಡ್ ಬೇಕೇ ಬೇಕು, ಯಾವ ಪ್ಲಾನ್ ತಗೊಂಡ್ರೂ ಅದು ಕಮ್ಮಿ ಆಗಲ್ಲ. ಟಿಎಲ್‌ಎಸ್‌ಗೆ 0.47, ಅಂದ್ರೆ ಎರಡು ಸುತ್ತು. ಎರಡು ಸುತ್ತು ಬೇಕಾಗೋದು ಹಳೇ 1.2 ಆವೃತ್ತಿಗೆ. 2018ರಲ್ಲಿ ಬಂದ 1.3ಕ್ಕೆ ಒಂದೇ ಸಾಕು. ಹೋಸ್ಟಿಂಗ್‌ನವರಿಗೆ ಹೇಳಿ ಆನ್ ಮಾಡಿಸಿ, ಕಾಲು ಸೆಕೆಂಡ್ ಉಳಿಯಿತು. ಆಮೇಲೆ ಪುಟ ಕೇಳೋಕೆ ಒಂದು ಸುತ್ತು. ಇದನ್ನೆಲ್ಲ ಕಳೆದ್ರೆ ಉಳಿಯೋದು 1.9 ಸೆಕೆಂಡ್ ಚಿಲ್ಲರೆ. ಅಷ್ಟು ಹೊತ್ತು ನಿಮ್ಮ ಸರ್ವರ್ ಯೋಚನೆ ಮಾಡ್ತಾ ಕೂತಿರುತ್ತೆ. ಒಂದು ಗಿಡದ ಪುಟಕ್ಕೆ ಅಷ್ಟೊಂದು ಯೋಚನೆ ಯಾಕೆ? ಕ್ವೆರಿ ಮಾನಿಟರ್ ಅನ್ನೋ ಪ್ಲಗಿನ್ ಹಾಕಿ, ಯಾವ ಡೇಟಾಬೇಸ್ ಪ್ರಶ್ನೆ ಎಷ್ಟು ತಿಂತಿದೆ ಅಂತ ತೋರಿಸುತ್ತೆ. ನೋಡಿದ ಮೇಲೆ ಮರೀದೆ ತೆಗೀರಿ.

ಕ್ಯೂಆರ್ ವಿಷಯ ನನ್ನ ಅನುಮಾನದಂತೇ ಆಯ್ತು. ಬರೀ ರೀಡೈರೆಕ್ಟ್‌ಗೇ 2.2 ಸೆಕೆಂಡ್ ಹೋಗ್ತಿದೆ. ಮೊದಲು ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ, ಅಲ್ಲಿ ಹೊಸದಾಗಿ ಕೈಕುಲುಕಿ, ವರ್ಡ್‌ಪ್ರೆಸ್ಸನ್ನ ಎಬ್ಬಿಸಿ, "ಇಲ್ಲಲ್ಲ, ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂಗೆ ಹೋಗು" ಅಂತ ಹೇಳಿಸ್ಕೊಂಡು, ಅಲ್ಲಿ ಮತ್ತೆ ಕೈಕುಲುಕೋದು. ಫಲಕ ಕೀಳೋದು ಬೇಡ. ರೀಡೈರೆಕ್ಟನ್ನ ವೆಬ್ ಸರ್ವರ್ ಮಟ್ಟದಲ್ಲೇ, ಹಳೇ ವಿಳಾಸದಿಂದ ಕೊನೇ ವಿಳಾಸಕ್ಕೆ ಒಂದೇ ನೆಗೆತದಲ್ಲಿ ಬರೆಸಿ. 2.2 ಇದ್ದದ್ದು ಅರ್ಧ ಸೆಕೆಂಡ್ ಆಗುತ್ತೆ. ನೀವು ಇಷ್ಟು ದಿನ ಪರೀಕ್ಷಿಸಿದ್ದು ಕೊನೇ ವಿಳಾಸವನ್ನ, ಮಕ್ಕಳು ಬರ್ತಿದ್ದದ್ದು ಈ ಹಿತ್ತಿಲ ಬಾಗಿಲಿಂದ.

ಫೋಟೋ. 3.1 ಎಂಬಿ ಅಂದ್ರೆ 1.6 ಮೆಗಾಬಿಟ್ ವೇಗದಲ್ಲಿ ಅದೊಂದೇ 15 ಸೆಕೆಂಡ್ ಮೇಲೆ. ಇಳಿದ ಮೇಲೂ ಕಥೆ ಮುಗಿಯಲ್ಲ. ಬಿಡಿಸಿ ಹರಡಿದಾಗ 4000 ಗುಣಿಸು 3000, ಪಿಕ್ಸೆಲ್‌ಗೆ ನಾಲ್ಕು ಬೈಟ್, 48 ಎಂಬಿ ಮೆಮೊರಿ. ಫೋನ್ ಪರದೆಯಲ್ಲಿ ಅದಕ್ಕಿರೋ ಜಾಗ ಅಂಗೈ ಅಗಲ. 480, 800, 1200 ಪಿಕ್ಸೆಲ್ ಅಗಲದ ಮೂರು ಪ್ರತಿ ವೆಬ್‌ಪಿಯಲ್ಲಿ ಮಾಡಿಸಿ, ಎಸ್‌ಆರ್‌ಸಿಸೆಟ್‌ನಲ್ಲಿ ಮೂರನ್ನೂ ಬರೆದ್ರೆ ಯಾವುದು ಬೇಕು ಅಂತ ಬ್ರೌಸರ್ರೇ ಆರಿಸ್ಕೊಳ್ಳುತ್ತೆ. ಮೂಲ ಫೋಟೋ ಅಳಿಸಬೇಡಿ. ಒತ್ತಿದಾಗ ಅದು ತೆರೆಯಲಿ, ನರ ನೋಡೋರು ನೋಡಲಿ.

ಆದ್ರೆ ಗಾತ್ರಕ್ಕಿಂತ ನನ್ನನ್ನ ಕಾಡಿದ್ದು ಆ 6.2. ಮೊದಲ ಫೋಟೋ ಅಷ್ಟು ತಡವಾಗಿ ಶುರುವಾಗೋದು ಯಾಕಂದ್ರೆ ಅದಕ್ಕೂ ಲೇಜಿ ಲೋಡಿಂಗ್ (ಪರದೆ ಹತ್ತಿರ ಬಂದಾಗ ಮಾತ್ರ ಫೋಟೋ ತರಿಸೋದು) ಹಾಕಿದೆ, ಅದೂ ಜಾವಾಸ್ಕ್ರಿಪ್ಟ್ ಮೂಲಕ. ಇದು ನಿಮ್ಮ ಥೀಮ್‌ನ ಕೆಲಸ ಇರಬೇಕು, ಫೋಟೋ ಪ್ಲಗಿನ್ ಅದರ ಮೇಲೆ ಇನ್ನೊಂದು ಪದರ ಹಾಕಿತ್ತು. ಬ್ರೌಸರ್ ಪುಟದ ಎಚ್‌ಟಿಎಂಎಲ್ ಬರ್ತಿದ್ದ ಹಾಗೇ ಮುಂದೆ ಓದಿ ಚಿತ್ರಗಳನ್ನ ತರಿಸೋಕೆ ಶುರು ಮಾಡುತ್ತೆ. ವಿಳಾಸವನ್ನ ಸ್ಕ್ರಿಪ್ಟ್ ಒಳಗೆ ಬಚ್ಚಿಟ್ರೆ ಸ್ಕ್ರಿಪ್ಟ್ ಇಳಿದು ಓಡೋವರೆಗೆ ಅದಕ್ಕೆ ಚಿತ್ರ ಇದೆ ಅಂತಾನೇ ಗೊತ್ತಾಗಲ್ಲ. ಆ ಸ್ಕ್ರಿಪ್ಟ್ ತೆಗೆಸಿ. ಮೇಲಿನ ಫೋಟೋ ಒಂದಕ್ಕೆ ಲೇಜಿ ಬೇಡವೇ ಬೇಡ, ಅದಕ್ಕೆ ಫೆಚ್ ಪ್ರಯಾರಿಟಿ ಹೈ ಅಂತ ಬರೆಸಿ. ಕೆಳಗಿನವಕ್ಕೆಲ್ಲ ಬ್ರೌಸರ್‌ನದ್ದೇ ಲೇಜಿ ಸಾಕು, ಕ್ರೋಮ್‌ನಲ್ಲಿ ಅದು 2019ರಿಂದ ಇದೆ. ಎಲ್ಲಾ ಫೋಟೋಗೂ ಅಗಲ ಎತ್ತರ ಬರೆದಿರಲಿ, ಇಲ್ಲದಿದ್ರೆ ಫೋಟೋ ಬಂದಾಗಲೆಲ್ಲ ಓದ್ತಿದ್ದ ಸಾಲು ಕೆಳಗೆ ಜಾರುತ್ತೆ.

ಸಿಡಿಎನ್ ಬೇಡ ಅಂತ ನಾನು ಹೇಳ್ತಿಲ್ಲ. ಸರ್ವರ್ ದೂರ ಇರೋದ್ರಿಂದ ನಿಮಗೆ ಅದು ಬೇಕು. ಆದ್ರೆ ಸಾಮಾನ್ಯವಾಗಿ ಸಿಡಿಎನ್‌ಗಳು ಫೋಟೋ, ಸ್ಟೈಲ್ ಇಟ್ಕೊಳ್ಳುತ್ವೆ, ಎಚ್‌ಟಿಎಂಎಲ್ ಪುಟವನ್ನ ಬಿಡಿಸಿ ಹೇಳದೆ ಇಟ್ಕೊಳ್ಳಲ್ಲ. 1981 ಹೋಗೋವರೆಗೆ ಹೇಳಿದ್ರೂ ಪ್ರಯೋಜನ ಕಮ್ಮಿ. ಅದಕ್ಕೇ ಅದು ಕೊನೇಗೆ.


ಅಕ್ಷರಮೋಹಿ:

ಮೇಷ್ಟ್ರೇ, ಇಷ್ಟೆಲ್ಲ ಸಂಖ್ಯೆ ನೋಡಿದ ಮೇಲೆ ನಿಮ್ಮ ಸೈಟ್ ತೆರೆದು ನೋಡಿದೆ. ಹಳೇಕರ್ಲ್ ಅಣ್ಣ ಫಾಂಟ್ ಬಗ್ಗೆ ಏನೂ ಹೇಳಲಿಲ್ಲ, ಅದು ನನ್ನ ಪಾಲಿಗೆ ಬಿಟ್ಟರು ಅಂದುಕೊಳ್ಳುತ್ತೇನೆ.

ನೀವು ಎರಡು ಕನ್ನಡ ಫಾಂಟ್ ಬಳಸಿದ್ದೀರಿ, ಎರಡಕ್ಕೂ ಸಾಧಾರಣ ಮತ್ತು ದಪ್ಪ, ಒಟ್ಟು ನಾಲ್ಕು ಟಿಟಿಎಫ್ ಫೈಲು. ಫಾಂಟ್ ಬರುವವರೆಗೆ ಬ್ರೌಸರ್ ಮೂರು ಸೆಕೆಂಡಿನವರೆಗೂ ಅಕ್ಷರವನ್ನೇ ಅಡಗಿಸಿಡುತ್ತದೆ. ಶಿಷ್ಯೆ ನೋಡಿದ ಬಿಳಿ ಪರದೆಯಲ್ಲಿ ಇದರ ಪಾಲೂ ಇದೆ. ಫಾಂಟ್ ಡಿಸ್‌ಪ್ಲೇ ಸ್ವಾಪ್ ಎಂದು ಬರೆದರೆ ಫೋನಿನಲ್ಲಿರುವ ಅಕ್ಷರದಲ್ಲೇ ಮೊದಲು ತೋರಿಸಿ, ಆಮೇಲೆ ಬದಲಿಸುತ್ತದೆ. ಟಿಟಿಎಫ್ ಬಿಟ್ಟು ವೆಬ್‌ಗೆಂದೇ ಕುಗ್ಗಿಸಿದ ವಾಫ್ 2 ಮಾದರಿ ಮಾಡಿ, ಗಾತ್ರ ಚೆನ್ನಾಗಿ ಇಳಿಯುತ್ತದೆ.

ಕನ್ನಡದ ಕಷ್ಟ ಬೇರೆಯೇ ಇದೆ. ಯೂನಿಕೋಡ್‌ನಲ್ಲಿ ನಮಗೆ ಮೀಸಲಾದ ಸ್ಥಾನ 128. ಆದರೆ ಫಾಂಟಿನೊಳಗೆ ಒತ್ತಕ್ಷರ, ಗುಣಿತಾಕ್ಷರ ಸೇರಿ ಆಕಾರಗಳು ನೂರಾರು. ಹಾಗಾಗಿ "ಬೇಡದ ಅಕ್ಷರ ತೆಗೆದು ಚಿಕ್ಕದು ಮಾಡುತ್ತೇನೆ" ಅಂತ ಹೋಗುವಾಗ ಎಚ್ಚರ. ನಾನು ಒಮ್ಮೆ ಕನ್ನಡದ ವ್ಯಾಪ್ತಿಯಷ್ಟನ್ನೇ ಇಟ್ಟುಕೊಂಡು ಉಳಿದದ್ದೆಲ್ಲ ಕತ್ತರಿಸಿದೆ. ಅಕ್ಷರಗಳು ಒತ್ತಾಗಿ ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಆ ವ್ಯಾಪ್ತಿಯ ಹೊರಗಿದೆ ಎನ್ನುವುದು ಹೊಳೆಯಲೇ ಇಲ್ಲ. "ಸಾಫ್ಟ್‌ವೇರ್" ಎಂಬ ಪದದಲ್ಲಿ ಅರ್ಧ ಒಂದು ಫಾಂಟು, ಅರ್ಧ ಇನ್ನೊಂದು ಫಾಂಟು. ಒಂದು ವಾರ ಯಾರೂ ಹೇಳಲಿಲ್ಲ, ಹೇಳಿದವರು ನಗುತ್ತಲೇ ಹೇಳಿದರು. ಇಂಗ್ಲಿಷ್ ಅಕ್ಷರಗಳನ್ನು ಬೇರೆ ಫೈಲು ಮಾಡಿ ಯೂನಿಕೋಡ್ ರೇಂಜ್ ಕೊಟ್ಟರೆ ಸಾಕು, ಬೇಕಾದಾಗ ಮಾತ್ರ ಇಳಿಯುತ್ತದೆ.

ನನ್ನನ್ನು ಕೇಳಿದರೆ ಮೈಬರಹಕ್ಕೆ ವೆಬ್ ಫಾಂಟೇ ಬೇಡ. ಈಗಿನ ಫೋನುಗಳಲ್ಲಿ ಓದಬಹುದಾದ ಕನ್ನಡ ಫಾಂಟ್ ಇದ್ದೇ ಇರುತ್ತದೆ, ಅದಕ್ಕೆ ಸೊನ್ನೆ ಬೈಟು. ಶೀರ್ಷಿಕೆಗೆ ಮಾತ್ರ ನಿಮ್ಮಿಷ್ಟದ್ದು ಒಂದು ಇಟ್ಟುಕೊಳ್ಳಿ. ಅದಕ್ಕೂ ಸಾಲಿನ ಎತ್ತರ ನಿಗದಿ ಮಾಡಿ. ಒತ್ತಕ್ಷರಕ್ಕೆ ಒಂದೊಂದು ಫಾಂಟ್ ಒಂದೊಂದು ಜಾಗ ಬಿಡುತ್ತದೆ, ಬದಲಾಗುವಾಗ ಇಡೀ ಪುಟ ಹಾರುತ್ತದೆ.


ಥಟ್_ಅಂತ:

ಒಪ್ಪಿದೆ ಗುರುಗಳೇ, ಒಂದು ಸಂಜೆಯ ಕೆಲಸ ಅಲ್ಲ. ಆದ್ರೆ ಎಷ್ಟೋ ಸೈಟ್ ಬಳಸೋ ಜೆಕ್ವೆರಿ ಅನ್ನೋ ಸ್ಕ್ರಿಪ್ಟನ್ನ ಎಲ್ಲರೂ ಬಳಸೋ ಪಬ್ಲಿಕ್ ಸಿಡಿಎನ್‌ನಿಂದ ತಗೊಂಡ್ರೆ ಜನರ ಬ್ರೌಸರ್‌ನಲ್ಲಿ ಆಗಲೇ ಇರುತ್ತೆ, ಅದಾದ್ರೂ ಲಾಭ ತಾನೇ?


ಹಳೇಕರ್ಲ್:

ಒಂದು ಕಾಲದಲ್ಲಿ ಹೌದು. ಈಗ ಕ್ಯಾಶ್‌ನ್ನ ಸೈಟ್ ಸೈಟ್‌ಗೆ ಬೇರೆ ಬೇರೆ ಇಡ್ತಾರೆ, ಕ್ರೋಮ್‌ನಲ್ಲಿ 2020ರಿಂದ. ಇನ್ನೊಂದು ಸೈಟ್‌ನಲ್ಲಿ ಇಳಿದದ್ದು ನಿಮ್ಮದಕ್ಕೆ ಸಿಗಲ್ಲ. ಹೊಸ ಜಾಗಕ್ಕೆ ಕನೆಕ್ಟ್ ಆಗೋ ಸುತ್ತುಗಳು ಮಾತ್ರ ದಂಡ. ಸ್ವಂತ ಸರ್ವರ್‌ನಲ್ಲೇ ಇಟ್ಕೊಳ್ಳಿ.


ಗಿಡಮೇಷ್ಟ್ರು:

ಆರು ವಾರದ ನಂತರ ವರದಿ ಒಪ್ಪಿಸುತ್ತಿದ್ದೇನೆ.

ಭೇಟಿ ಎಣಿಸುವ ಕೌಂಟರೇ ಕಳ್ಳ. ಪುಟದ ಅಡಿಯಲ್ಲಿ "ನೀವು ಇಷ್ಟನೆಯವರು" ಅಂತ ತೋರಿಸುತ್ತಿತ್ತು, ಹನ್ನೊಂದು ವರ್ಷದ ಹೆಮ್ಮೆ. ತೆಗೆದೆ, 1981 ಹೋಯಿತು. ಕ್ವೆರಿ ಮಾನಿಟರ್ ಇನ್ನೊಬ್ಬನನ್ನು ಹಿಡಿದುಕೊಟ್ಟಿತು: "ಸಂಬಂಧಿತ ಗಿಡಗಳು" ಎಂಬ ಪ್ಲಗಿನ್. ಒಂದು ಪುಟ ತೆರೆದರೆ 640 ಪುಟಗಳ ಬರಹವನ್ನೂ ಮೊದಲಿಂದ ಹುಡುಕುತ್ತಿತ್ತು, 1.3 ಸೆಕೆಂಡ್. ಈಗ ಸಂಬಂಧಿತ ಗಿಡಗಳನ್ನು ನಾನೇ ಕೈಯಾರೆ ಆರಿಸಿ ಬರೆಯುತ್ತಿದ್ದೇನೆ. ಮುನ್ನೂರು ಪುಟ ಮುಗಿದಿದೆ. ಯಂತ್ರ ಬೇವಿನ ಪಕ್ಕ ಹೆಸರಿನ ಹೋಲಿಕೆಗೆ ಕರಿಬೇವನ್ನು ತಂದು ಕೂರಿಸುತ್ತಿತ್ತು, ಎರಡೂ ಬೇರೆ ಬೇರೆ ಕುಟುಂಬ.

ರೀಡೈರೆಕ್ಟ್ ಒಂದೇ ನೆಗೆತ ಆಯಿತು. ಫೋಟೋಗಳು ಮೂರು ಅಳತೆಯಲ್ಲಿ ತಯಾರಾದವು, ಮೇಲಿನದ್ದು ಈಗ 90 ಕೆಬಿ ಆಸುಪಾಸು. ಮೈಬರಹದ ಫಾಂಟ್ ಬಿಟ್ಟುಕೊಟ್ಟೆ, ಸ್ವಲ್ಪ ಬೇಸರದಿಂದಲೇ. ಕೊನೆಗೆ ಸಿಡಿಎನ್ ಹಾಕಿಸಿ ಪುಟಗಳನ್ನೂ ಇಟ್ಟುಕೊಳ್ಳಲು ಹೇಳಿದೆ.

ಅಲ್ಲೊಂದು ಎಡವಟ್ಟಾಯಿತು. ಸೈಟಿನಲ್ಲಿ ಗಿಡದ ರಸಪ್ರಶ್ನೆಯ ಪುಟ ಒಂದಿದೆ. ಸಿಡಿಎನ್ ಅದನ್ನೂ ಇಟ್ಟುಕೊಂಡುಬಿಟ್ಟಿತು. ಮೊದಲು ಆಡಿದ ಹುಡುಗನ ಹೆಸರು ಮತ್ತು ಅಂಕ ಅರ್ಧ ದಿನ ಎಲ್ಲರಿಗೂ ಕಾಣಿಸಿತು. ಅವನಿಗೆ ಹತ್ತಕ್ಕೆ ಮೂರು ಬಂದಿತ್ತು, ಪಾಪ. ಅವನನ್ನು ಕಂಡು ಕ್ಷಮೆ ಕೇಳಿದೆ. ಆ ಪುಟವನ್ನು ಈಗ ಕ್ಯಾಶ್‌ನಿಂದ ಹೊರಗಿಟ್ಟಿದ್ದೇನೆ.

ಕ್ಯೂಆರ್ ವಿಳಾಸಕ್ಕೆ ಮೊದಲ ಬೈಟ್ 5.1 ಇದ್ದದ್ದು ಈಗ 0.7. ಮೇಲಿನ ಪಟ್ಟಿಯಲ್ಲಿ ಮೊದಲ ಒಂಬತ್ತು ದಿನ ಸಂಖ್ಯೆ ಕದಲಲಿಲ್ಲ, ಆಮೇಲೆ ದಿನಕ್ಕಿಷ್ಟು ಇಳಿಯುತ್ತಾ ಬಂದು ಎಲ್‌ಸಿಪಿ 2.9ಕ್ಕೆ ನಿಂತಿದೆ. ಹಸಿರಿಗೆ ಇನ್ನೂ ಸ್ವಲ್ಪ ದೂರ. ಐಎನ್‌ಪಿ 180. ಪ್ರಯೋಗಶಾಲೆಯ ಸ್ಕೋರ್ 66, ಆ ಹಳೆಯ 71ಕ್ಕಿಂತ ಐದು ಕಡಿಮೆ! ಶಿಷ್ಯೆ ಹೋದ ವಾರ ಮತ್ತೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದಳು. ಸೈಟ್ ಬಗ್ಗೆ ಏನೂ ಹೇಳಲಿಲ್ಲ, ಒಂದು ಕಾಯಿಯ ಫೋಟೋ ಕಳಿಸಿ ಇದು ಯಾವುದು ಸರ್ ಅಂತ ಕೇಳಿದಳು.

ಉಳಿದ ಪ್ರಶ್ನೆ ಒಂದೇ. ಆಲದ ಮರದ ಪುಟದಲ್ಲಿ 42 ಫೋಟೋ ಇವೆ. ಅದರಲ್ಲಿ ಅರ್ಧ ತೆಗೆದರೆ 2.5ರ ಒಳಗೆ ಬರಬಹುದೇ? ತೆಗೆಯಲು ಮನಸ್ಸಿಲ್ಲ.


ಹಳೇಕರ್ಲ್:

ರಸಪ್ರಶ್ನೆ ಪುಟದ್ದು ನಾನು ಮೊದಲೇ ಎಚ್ಚರಿಸಬೇಕಿತ್ತು ಮೇಷ್ಟ್ರೇ. ಒಬ್ಬೊಬ್ಬರಿಗೆ ಒಂದೊಂದು ಥರ ಕಾಣೋ ಪುಟ ಯಾವುದಿದೆ ಅಂತ ಕೇಳದೇ ಎಚ್‌ಟಿಎಂಎಲ್ ಇಟ್ಕೊಳ್ಳೋಕೆ ಹೇಳಿದ್ದು ನನ್ನ ತಪ್ಪು. ಸಂಪರ್ಕದ ಫಾರಂ ಇರೋ ಪುಟವನ್ನೂ ಒಮ್ಮೆ ನೋಡಿಬಿಡಿ.

ಆಲದ ಫೋಟೋ ಒಂದನ್ನೂ ತೆಗೀಬೇಡಿ. ಲೇಜಿ ಇರೋದ್ರಿಂದ ಕೆಳಗೆ ಜಾರಿಸಿಕೊಂಡು ಹೋದವರಿಗೆ ಮಾತ್ರ ಇಳಿಯುತ್ವೆ, ಎಲ್‌ಸಿಪಿಗೂ ಅವಕ್ಕೂ ಸಂಬಂಧ ಹೆಚ್ಚಿಲ್ಲ. ಈಗಷ್ಟೇ ಹಳೇ ಫೋನ್‌ನಲ್ಲಿ ಆ ಪುಟವನ್ನ ಕೊನೇವರೆಗೂ ನೋಡಿದೆ, ಎಲ್ಲೂ ತಡೀಲಿಲ್ಲ. 17ನೇ ಫೋಟೋ ಮಾತ್ರ ಅಡ್ಡ ಮಲಗಿದೆ, ಬಿಳಲು ನೆಲಕ್ಕೆ ಇಳಿಯೋ ಬದಲು ಪಕ್ಕಕ್ಕೆ ಹೋಗ್ತಿದೆ. ವೆಬ್‌ಪಿ ಮಾಡುವಾಗ ಎಕ್ಸಿಫ್ ಮಾಹಿತಿ ಕಿತ್ತುಹೋಗಿರಬೇಕು, ಫೋಟೋ ಯಾವ ಕಡೆಗೆ ತಿರುಗಿಸಬೇಕು ಅನ್ನೋದು ಅದರಲ್ಲೇ ಇರೋದು. ಮೂಲ ಪ್ರತಿಯನ್ನ ನೆಟ್ಟಗೆ ತಿರುಗಿಸಿ ಸೇವ್ ಮಾಡಿ, ಮೂರು ಅಳತೆಯನ್ನೂ ಮತ್ತೆ ಮಾಡಿಸಿ.